ನೆಲ ಮುಟ್ಟದ ಕೈ

"ಬ್ರೇಕ್ ಇಲ್ಲದ ಗಾಡಿ ಓಡಿಸೋರಿಗೆ ಕಣ್ಣಾದ್ರೂ ಇರಬೇಕಲ್ವಾ?"

ಮಾತು ಬಂದದ್ದು ಒಂದು ದೊಡ್ಡ ಪ್ಲೈವುಡ್ ಹಲಗೆಯ ಹಿಂದಿನಿಂದ.

ಬಸ್ ನಿಲ್ದಾಣದಿಂದ ಸಮುದ್ರದ ಕಡೆಗೆ ಇಳಿಯುವ ರಸ್ತೆಯದು. ಬೆನ್ನಿಗೆ ಬ್ಯಾಗು, ಕಾಲಡಿಗೆ ಸ್ಕೇಟ್‌ಬೋರ್ಡು. ಇಳಿಜಾರನ್ನು ನಂಬಿ ಅವಳು ಸುಮ್ಮನೆ ನಿಂತು ಜಾರಿ ಬರುತ್ತಿದ್ದಳು. ತಿರುವಿನಲ್ಲಿ ಅಡ್ಡಲಾಗಿ ಆ ಹಲಗೆ... ಅದರ ಕೆಳಗೆ ಎರಡು ಕಾಲು!

ಅವಳು ಪಕ್ಕದ ಮರಳಿಗೆ ಹಾರಿದಳು. ಬೋರ್ಡು ಮಾತ್ರ ಉರುಳುತ್ತಾ ಹೋಗಿ ಆ ಕಾಲುಗಳ ಹತ್ತಿರ ತಲುಪಿತು. ಒಂದು ಕಾಲು ಅದರ ಹಿಂತುದಿಯನ್ನು ಮೆಲ್ಲಗೆ ತುಳಿದು, ನೆಟ್ಟಗೆ ನಿಲ್ಲಿಸಿತು. ವರ್ಷಗಟ್ಟಲೆ ಅಭ್ಯಾಸವಿದ್ದವರು ಮಾತ್ರ ಹಾಗೆ ತುಳಿಯಬಲ್ಲರು.

ಆ ಧ್ವನಿ... ಬೇಡ. ಅವನಾಗಿರಬಾರದು!

ಹಲಗೆ ಕೆಳಗಿಳಿಯಿತು.

ಅವನೇ.

ಎರಡು ವರ್ಷ. ಗಡ್ಡ ಬಿಟ್ಟಿದ್ದ. ತಲೆಯ ಮೇಲೆ ಮರದ ಪುಡಿ. ನೋಡಿದೊಡನೆ ಅವನ ಮುಖದಲ್ಲಿ ಏನೋ ಹೊಳೆಯಿತು. ಅಷ್ಟೇ ಬೇಗ ಆರಿತು.

"ಅಕ್ಕಾ! ಬದುಕಿದೀಯಾ?" ಹಿಂದಿನಿಂದ ತಂಗಿ ತನ್ನ ಬೋರ್ಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಓಡಿ ಬಂದಳು. ಅವನನ್ನು ಕಂಡು ಬಾಯಿ ತೆರೆದಳು. "ಅಯ್ಯೋ, ಒಂಟೆ! ನೀನಿಲ್ಲಿ?"

ಉದ್ದ ಕತ್ತಿನ ಅವನಿಗೆ ಸ್ಕೇಟಿಂಗ್ ಗೆಳೆಯರೆಲ್ಲ ಇಟ್ಟ ಹೆಸರು ಅದು.

"ಮರಳಿರೋ ಕಡೆ ಒಂಟೆ ಇರದೆ ಇನ್ನೇನಿರುತ್ತೆ?" ಎಂದು ನಕ್ಕ ಅವನು, ತಂಗಿಯನ್ನು ಮಾತ್ರ ನೋಡುತ್ತಾ. ಆಮೇಲೆ ಹಲಗೆಯನ್ನು ಎತ್ತಿಕೊಂಡು ನಡೆದ. ಬಲಗಾಲು ಪ್ರತಿ ಹೆಜ್ಜೆಗೂ ಒಂದಿಷ್ಟು ತಡವಾಗಿ ಬರುತ್ತಿತ್ತು.

ಅವಳು ಆ ಕಾಲನ್ನು ನೋಡಲಾರದೆ ಸಮುದ್ರದ ಕಡೆ ತಿರುಗಿದಳು.

*

ಕಡಿಮೆ ಬಾಡಿಗೆ, ಕಡಿಮೆ ಜನ, ನುಣ್ಣನೆಯ ಖಾಲಿ ರಸ್ತೆಗಳು ಎಂದು ತಂಗಿಯೇ ಹುಡುಕಿದ ಊರಿದು. ಪ್ರವಾಸಿಗರ ಕಾಲ ಮುಗಿದಿತ್ತು. ಅರ್ಧ ಅಂಗಡಿಗಳ ಬಾಗಿಲು ಮುಚ್ಚಿತ್ತು. ಅವರಿದ್ದ ವಸತಿಗೃಹದಲ್ಲಿ ಎಂಟು ಕೋಣೆ, ಅತಿಥಿಗಳು ಇವರಿಬ್ಬರೇ. ಹಾಸಿಗೆ ಎಷ್ಟು ಕೊಡವಿದರೂ ಮರಳು ಉದುರುತ್ತಿತ್ತು.

ಅದನ್ನು ನಡೆಸುತ್ತಿದ್ದ ಹೆಂಗಸನ್ನು ಊರವರೆಲ್ಲ ಚಿಕ್ಕಮ್ಮ ಎನ್ನುತ್ತಿದ್ದರು. ನಿಜವಾಗಿ ಆಕೆ ಅವನ ಚಿಕ್ಕಮ್ಮ.

"ಕಾಲು ಮುರ್ಕೊಂಡು ಬಂದ, ಇಲ್ಲೇ ಉಳ್ಕೊಂಡ," ಎಂದರು ಆಕೆ, ದಿಂಬಿನ ಚೀಲ ಬದಲಿಸುತ್ತಾ. "ದೋಣಿ ರಿಪೇರಿ ಶೆಡ್ಡಲ್ಲಿ ಕೆಲಸ. ಒಳ್ಳೇ ಕೈ. ಆದ್ರೆ ಮಾತಾಡಿಸಿದ್ರೆ ದೋಣಿನೇ ವಾಸಿ, ಅದಾದ್ರೂ ಕಿರ್ ಅನ್ನುತ್ತೆ."

ತಂಗಿ ನಕ್ಕಳು. ಅಕ್ಕನಿಗೆ ನಗು ಬರಲಿಲ್ಲ.

*

ಎರಡು ವರ್ಷದ ಹಿಂದೆ ಅವನು ಬೋರ್ಡಿನ ಮೇಲೆ ಹಾರುತ್ತಿದ್ದ, ಅವಳು ವಿಡಿಯೋ ತೆಗೆಯುತ್ತಿದ್ದಳು. ಒಂದೂ ಮಾತಾಡದೆ ಎಷ್ಟೋ ಸಂಜೆಗಳು ಹಾಗೇ ಕಳೆದಿದ್ದವು. ಕ್ಯಾಮೆರಾದ ಹಿಂದೆ ನಿಂತು ಒಬ್ಬನನ್ನು ಎಷ್ಟು ಹೊತ್ತು ಬೇಕಾದರೂ ನೋಡಬಹುದು, ಯಾರೂ ಕೇಳುವುದಿಲ್ಲ!

ಅಂದು ಹಳೆಯ ಗ್ರಂಥಾಲಯದ ಹನ್ನೊಂದು ಮೆಟ್ಟಿಲು. ಬೆಳಗಿನಿಂದ ಬಿದ್ದು ಎದ್ದು, ಇಪ್ಪತ್ತಕ್ಕೂ ಹೆಚ್ಚು ಸಲ ಪ್ರಯತ್ನಿಸಿ, ಕೊನೆಗೊಮ್ಮೆ ಅವನು ಅಷ್ಟನ್ನೂ ಒಂದೇ ನೆಗೆತಕ್ಕೆ ದಾಟಿದ. ಬೋರ್ಡಿನ ಮೇಲೇ ಇಳಿದ. ಒಂದಿಷ್ಟೂ ಅಲುಗಲಿಲ್ಲ. ಎರಡೂ ಕೈ ಎತ್ತಿ ಅವಳ ಕಡೆ ತಿರುಗಿದ.

ಅವಳು ಕ್ಯಾಮೆರಾ ನೋಡಿದಳು. ಕೆಂಪು ದೀಪ ಉರಿಯುತ್ತಿರಲಿಲ್ಲ.

ಯಾವಾಗಲೋ ಗುಂಡಿಯನ್ನು ಒಂದು ಸಲ ಹೆಚ್ಚು ಒತ್ತಿದ್ದಳು. ಆಮೇಲೆ ಎಲ್ಲವೂ ತಲೆಕೆಳಗು. ಶುರು ಅಂದುಕೊಂಡಾಗ ನಿಂತಿತ್ತು, ನಿಲ್ಲಿಸಿದೆ ಅಂದುಕೊಂಡಾಗ ಶುರುವಾಗಿತ್ತು. ಅವನು ಮೆಟ್ಟಿಲು ಹತ್ತಿ ಬರುವುದು, ನೀರು ಕುಡಿಯುವುದು, ಅವಳ ಶೂ, ನೆಲ... ಇವೆಲ್ಲ ಇದ್ದವು. ಹಾರಿದ್ದೊಂದೇ ಇರಲಿಲ್ಲ.

"ಬಂತಾ?" ಎಂದು ಕೂಗಿದ ಅವನು.

ಅವರ ನಡುವೆ ಒಂದು ಕಟ್ಟಳೆಯಿತ್ತು. ಇಳಿಯುವಾಗ ಕೈ ನೆಲಕ್ಕೆ ತಾಗಿದರೆ ಆ ಹಾರಾಟ ಲೆಕ್ಕಕ್ಕಿಲ್ಲ. ತಾಗಿತೋ ಇಲ್ಲವೋ ಎಂಬುದಕ್ಕೆ ಕ್ಯಾಮೆರಾ ಹಿಡಿದವರ ಮಾತೇ ಕೊನೆ.

"ಕೈ ತಾಗಿತು," ಎಂದುಬಿಟ್ಟಳು.

ಅವನು ತನ್ನ ಅಂಗೈ ನೋಡಿಕೊಂಡ. "ಹೌದಾ? ನನಗೆ ಗೊತ್ತೇ ಆಗಲಿಲ್ಲ." ಮತ್ತೆ ಮೆಟ್ಟಿಲು ಹತ್ತಿದ.

ಆ ಸಲವೇ ಅವನ ಮೊಣಕಾಲು ಹೋದದ್ದು.

*

ಶನಿವಾರ ಮಧ್ಯಾಹ್ನ. ಮೀನು ಹರಾಜಿನ ಅಂಗಳ ತೊಳೆದು ಖಾಲಿಯಾಗಿತ್ತು. ನುಣ್ಣನೆಯ ಸಿಮೆಂಟಿನ ಮೇಲೆ ಅವನು ತಂಗಿಗೆ ತಿರುಗುವುದನ್ನು ಕಲಿಸುತ್ತಿದ್ದ. ಅವಳು ಗೋಡೆಗೊರಗಿ ದೂರ ಕುಳಿತಿದ್ದಳು. ನಾಳೆ ಹನ್ನೊಂದಕ್ಕೆ ಬಸ್ಸು. ಮೂರು ದಿನದಲ್ಲಿ ಅವನು ಅವಳಿಗೆ ಹೇಳಿದ್ದು ಎರಡೇ ಮಾತು: ಒಂದು 'ಜಾಗ ಬಿಡಿ', ಇನ್ನೊಂದು 'ಪರವಾಗಿಲ್ಲ'.

*ಬಿಡಿ* ಅಂತೆ! ಎಂದಿನಿಂದ ನಾನು ಅವನಿಗೆ ಬಹುವಚನ?

"ಅಕ್ಕಾ, ಒಂದು ವಿಡಿಯೋ ತೆಗಿಯೇ!" ತಂಗಿ ಕೂಗಿದಳು.

"ನಾನು ಈಗ ತೆಗಿಯಲ್ಲ. ಗೊತ್ತಲ್ಲ ನಿಂಗೆ."

"ಎರಡು ವರ್ಷದಿಂದ ಇದೇ ರಾಗ. ನೀನಾದ್ರೂ ಹೇಳೋ ಒಂಟೆ!"

ಅವನು ಬಗ್ಗಿ ಬೋರ್ಡಿನ ಚಕ್ರವನ್ನು ಸುಮ್ಮನೆ ತಿರುಗಿಸಿದ. "ಬಲವಂತ ಮಾಡಬೇಡ. ನಿಮ್ಮಕ್ಕ ಹಿಡಿದ್ರೆ ಸರಿಯಾಗೇ ಹಿಡೀತಾರೆ, ಇಲ್ಲಾಂದ್ರೆ ಇಲ್ಲ. ಅವತ್ತು ನಾನೇ ಗೆದ್ದೆ ಅಂತ ಕುಣಿತಿದ್ದೆ. ಕೈ ತಾಗಿದ್ದು ನಂಗೇ ತಿಳೀಲಿಲ್ಲ, ಅವರು ಕಂಡುಹಿಡಿದ್ರು. ಅಷ್ಟು ಪ್ರಾಮಾಣಿಕವಾಗಿ ಯಾರು ಹೇಳ್ತಾರೆ?"

ಅವಳು ಗೋಡೆಯಿಂದ ಬೆನ್ನು ಎತ್ತಿದಳು.

ಅವನು ಅದನ್ನು ಚುಚ್ಚಲು ಹೇಳಿರಲಿಲ್ಲ. ಅದೇ ಘೋರ! ಕಾಲು ಮುರಿದ ಮೇಲೆ ಮುಖವನ್ನೇ ತೋರಿಸದವಳ ಮೇಲಿನ ಇಷ್ಟು ಕೋಪದಲ್ಲೂ ಅವನು ಅವಳ ಬಗ್ಗೆ ಜೋಪಾನವಾಗಿ ಉಳಿಸಿಕೊಂಡಿದ್ದ ಒಂದೇ ಒಳ್ಳೆಯ ಮಾತು... ಅದೂ ಸುಳ್ಳು.

ಹೇಳಿದರೆ ಅದೂ ಹೋಗುತ್ತದೆ. ಹೇಳದಿದ್ದರೆ?

ಅವಳು ಎದ್ದು ಬಂದಳು.

"ತಾಗಿರಲಿಲ್ಲ."

"ಏನು?"

"ನಿನ್ನ ಕೈ. ನೆಲಕ್ಕೆ ತಾಗಿರಲಿಲ್ಲ. ನೀನು ಸರಿಯಾಗೇ ಇಳಿದಿದ್ದೆ. ಕ್ಯಾಮೆರಾ ಆನ್ ಆಗಿರಲಿಲ್ಲ... ನನ್ನ ತಪ್ಪು. ಒಪ್ಕೊಳ್ಳೋಕೆ ನಾಚಿಕೆ ಆಯ್ತು. ಅದಕ್ಕೇ ಸುಳ್ಳು ಹೇಳ್ದೆ."

ತಂಗಿಯ ಬೋರ್ಡು ತಾನಾಗಿ ಉರುಳಿ ಗೋಡೆಗೆ ಬಡಿದು ನಿಂತಿತು. ಯಾರೂ ಅದರ ಕಡೆ ನೋಡಲಿಲ್ಲ.

ಅವನು ಗೋಡೆಯ ಮೇಲಿಟ್ಟಿದ್ದ ಅಂಗಿ ಎತ್ತಿಕೊಂಡು, ಒಂದು ತೋಳನ್ನು ಎರಡು ಸಲ ತಪ್ಪಾಗಿ ಹಾಕಿಕೊಂಡು, ಮೂರನೆಯ ಸಲ ಸರಿಮಾಡಿಕೊಂಡು ಹೊರಟುಹೋದ.

"ಅಕ್ಕಾ..." ತಂಗಿ ಹತ್ತಿರ ಬಂದಳು. "ಇದನ್ನ ಒಬ್ಬಳೇ ಇಟ್ಕೊಂಡು ಓಡಾಡ್ತಿದ್ದೆಯಾ ಇಷ್ಟು ದಿನ?"

*

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಅವಳು ಶೆಡ್ಡಿನ ಬಾಗಿಲಲ್ಲಿದ್ದಳು. ಒಳಗೆ ಮಗುಚಿ ಹಾಕಿದ ದೋಣಿಯೊಂದಿತ್ತು. ಅವನು ಅದರ ಹಳೆಯ ಬಣ್ಣವನ್ನು ಉಜ್ಜಿ ತೆಗೆಯುತ್ತಿದ್ದ. ಗಾಳಿಯ ತುಂಬ ನೀಲಿ ಧೂಳು.

"ಬಸ್ಸು ಹೋಗಿಬಿಡುತ್ತೆ," ಎಂದ, ತಲೆಯೆತ್ತದೆ.

"ಹೋಗಲಿ."

ಉಜ್ಜುವ ಸದ್ದು ನಿಲ್ಲಲಿಲ್ಲ. ಅವಳು ಬಣ್ಣದ ಡಬ್ಬಿಯೊಂದರ ಮೇಲೆ ಕುಳಿತಳು. ಕ್ಯಾಮೆರಾ ಇರುವಾಗಿನ ಮೌನ ಬೇರೆ. ಈ ಮೌನದಲ್ಲಿ ಮರೆಯಾಗಿ ನಿಂತುಕೊಳ್ಳಲು ಏನೂ ಇರಲಿಲ್ಲ.

ಕೊನೆಗೆ ಅವನೇ ಉಜ್ಜುವುದನ್ನು ನಿಲ್ಲಿಸಿದ.

"ಕಾಲು ನಾನೇ ಮುರ್ಕೊಂಡಿದ್ದು. ಹಾರು ಅಂತ ನೀನು ತಳ್ಳಲಿಲ್ಲ. ಆ ಮಾತು ಬಿಡು." ಅವನ ದನಿ ಒರಟಾಗಿತ್ತು. "ಆದ್ರೆ ಆ ಸಲ ಇಳಿದಾಗ ನನ್ನ ಮೈಗೆಲ್ಲ ಗೊತ್ತಿತ್ತು, ಸರಿಯಾಗಿ ಬಂದಿದೀನಿ ಅಂತ. ನೀನು ಇಲ್ಲ ಅಂದೆ. ನನ್ನ ಮೈಯನ್ನೇ ನಂಬದೆ ನಿನ್ನ ನಂಬಿದೆ. ಆಮೇಲೆ ಒಂದು ಮೆಟ್ಟಿಲು ಇಳಿಯೋಕೂ ನನ್ನ ಮೇಲೆ ನನಗೇ ಅನುಮಾನ. ಎರಡು ವರ್ಷ!"

ಇದು ಗೊತ್ತಿರಲಿಲ್ಲ ಅವಳಿಗೆ. ಕಾಲಿನ ಬಗ್ಗೆ ಮಾತ್ರ ಅತ್ತಿದ್ದಳು.

"ಬೈಯಿ," ಎಂದಳು. "ಎಷ್ಟು ಬೇಕಾದ್ರೂ ಬೈಯಿ. ನಾನು ಎದ್ದು ಹೋಗಲ್ಲ."

"ಅವತ್ತು ಹೋದೆಯಲ್ಲ! ಆಸ್ಪತ್ರೆಯಲ್ಲಿ ದಿನಾ ಬಾಗಿಲ ಕಡೆ ಮುಖ ಮಾಡಿ ಮಲಗ್ತಿದ್ದೆ. ಎಲ್ಲರೂ ಬಂದ್ರು. ಕುಂಟನ ಜೊತೆ ಇವಳಿಗೇನು ಕೆಲಸ ಅಂತ ನೀನು ಬರಲಿಲ್ಲ ಅಂದ್ಕೊಂಡೆ."

"ಬಂದಿದ್ದೆ ಕಣೋ!"

ಅವನು ತಿರುಗಿದ.

"ಎಲ್ಲಾ ಹೇಳಿಬಿಡ್ತೀನಿ ಅಂತಲೇ ಬಂದಿದ್ದೆ. ಹೊರಗೆ ನಿಮ್ಮಮ್ಮ ಇದ್ರು. ನನ್ನ ತಲೆ ಸವರಿ, 'ನೀನು ಜೊತೆಗಿದ್ದೆ, ಅದೇ ಪುಣ್ಯ ಮಗಳೇ' ಅಂದ್ರು... ಕಾಲು ಮುಂದಕ್ಕೆ ಹೋಗಲಿಲ್ಲ. ಅಲ್ಲಿಂದ ಓಡಿದವಳು ನಿಲ್ಲೋಕೇ ಆಗಲಿಲ್ಲ." ಅವಳ ಕಣ್ಣೀರು ನೀಲಿ ಧೂಳಿನಲ್ಲಿ ಗೆರೆ ಎಳೆಯಿತು. "ನಿನ್ನ ಪ್ರೀತಿಸ್ತಿದ್ದೆ. ಈಗಲೂ. ಅದು ಗೊತ್ತಿದ್ದೂ ನಿಂಗೆ ಹೀಗೆ ಮಾಡ್ದೆ."

ಹೊರಗೆ ಬಸ್ಸಿನ ಹಾರ್ನ್. ಇಳಿಜಾರಿನ ಮೇಲೆ ಎಂಜಿನ್ ಮುಲುಕಿ, ದೂರವಾಯಿತು.

ಮರುಕ್ಷಣ ಬಾಗಿಲಲ್ಲಿ ಚಿಕ್ಕಮ್ಮನ ತಲೆ. "ನಿನ್ನ ತಂಗಿ ಹೋದಳಮ್ಮ. ಬ್ಯಾಗು ನನ್ನ ಹತ್ರ ಬಿಟ್ಟಿದಾಳೆ. 'ಅಕ್ಕ ಅತ್ರೆ ಊಟ ಮಾಡಲ್ಲ, ಗದರಿಸಿ ತಿನ್ನಿಸಿ' ಅಂದಳು." ಇಬ್ಬರ ಮುಖವನ್ನೂ ನೋಡಿ, "ಇಬ್ಬರನ್ನೂ ಗದರಿಸಬೇಕು ಅನ್ನಿಸುತ್ತೆ," ಎಂದು ಗೊಣಗಿ ಹೊರಟುಹೋದರು.

ಅವನ ತುಟಿಯಂಚು ಅಲುಗಿತು. ನಗುವಲ್ಲ, ಅದರ ನೆಂಟ.

"ಇಷ್ಟು ವರ್ಷ ಬಿಟ್ಟು, ನನ್ನ ಮೂಗು ನೀಲಿ ಇರೋವಾಗಲೇ ಪ್ರೀತಿ ಹೇಳಬೇಕಿತ್ತಾ ನಿಂಗೆ?"

"ನನ್ನ ಮೂಗೇನು ಕೆಂಪಗಿದ್ಯಾ?"

"ಅದೂ ನೀಲಿ."

ಅವನು ಕುಂಟುತ್ತಾ ಬಂದು, ಇನ್ನೊಂದು ಡಬ್ಬಿಯನ್ನು ಕಾಲಿಂದ ಎಳೆದು, ಅವಳ ಪಕ್ಕ ಕುಳಿತ. ಭುಜಕ್ಕೆ ಭುಜ ತಾಗಿತು. ಅವನು ಸರಿಯಲಿಲ್ಲ.

"ನಾನೂ ಆಗ ಹೇಳಬೇಕಿತ್ತು," ಎಂದ ಮೆಲ್ಲಗೆ. "ದಿನಾ ಸಂಜೆ ಅಷ್ಟೊಂದು ಸಲ ಯಾಕೆ ಬೀಳ್ತಿದ್ದೆ ಅಂದ್ಕೊಂಡಿದ್ದೆ? ನೀನು ಮನೆಗೆ ಹೋಗೋದು ತಡವಾಗಲಿ ಅಂತ."

ಅವಳು ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

"ಅಷ್ಟಾದ್ರೂ ನನಗೆ ಕೋಪ ಇನ್ನೂ ಇದೆ," ಎಂದ. "ಇವತ್ತಿಗೇ ಹೋಗಲ್ಲ. ಸುಳ್ಳು ಹೇಳಲ್ಲ ನಿಂಗೆ."

"ಇರಲಿ," ಎಂದಳು ಅವಳು. "ನಾನೂ ಇರ್ತೀನಿ."