ಅಣ್ಣನ ಲ್ಯಾನ್ಸರ್ ಸದ್ದು

"ಕಾರು ಒಯ್ಯಿರಿ... ಆದ್ರ ಈ ಆವಾಜ್ ನಮ್ಮ ಮನಿ ಮುಂದ ಇನ್ನೊಮ್ಮೆ ಕೇಳಬಾರ್ದು!"

ಶಿವಕಾಂತಾ ಕಾರಿನ ಕಿಟಕಿ ಹಿಡಿದು ಹೇಳಿದಳು. ಕಾರು ಕೊಂಡಿದ್ದ ಗ್ಯಾರೇಜಿನ ಜಗದೇವ ತಟ್ಟನೆ ಇಂಜಿನ್ ಬಂದ್ ಮಾಡಿದ.

ಅದು ಜಪಾನಿನ ಹಳೆಯ ಲ್ಯಾನ್ಸರ್ ಕಾರು. ಅವಳ ಅಣ್ಣ ಗುರುನಾಥ ಸೋಲಾಪುರದಿಂದ ಸೆಕೆಂಡ್ ಹ್ಯಾಂಡ್ ತಂದು, ವೇಗಕ್ಕೆಂದು ಇಂಜಿನ್ ಹೊಸದಾಗಿ ಕಟ್ಟಿಸಿ, ಸೈಲೆನ್ಸರ್ ತೆಗೆಸಿ ದಪ್ಪ ಸ್ಟೀಲ್ ಪೈಪ್ ಹಾಕಿಸಿದ್ದ. ಅದರ ಗುಡುಗು ಅಫಜಲಪುರದ ಎರಡು ಓಣಿ ಆಚೆಗೂ ಕೇಳುತ್ತಿತ್ತು.

ಹೋದ ಚಳಿಗಾಲದಲ್ಲಿ ಕಾಮಾಲೆ ಅವನನ್ನು ಒಯ್ದಿತು. ಅಂದಿನಿಂದ ಅವ್ವ ಸುಭದ್ರಾಬಾಯಿಯ ಎದುರು ಯಾರೂ ಅವನ ಹೆಸರೆತ್ತದಂತೆ ಶಿವಕಾಂತಾ ನೋಡಿಕೊಂಡಿದ್ದಳು. ಮೊದಲು ಫೋಟೋ, ಆಮೇಲೆ ಬಟ್ಟೆ, ಈಗ ಕಾರು...

"ಮಾತು ಕೊಟ್ಟೇನ್ರಿ," ಎಂದ ಜಗದೇವ ಮತ್ತೆ ಚಾವಿ ತಿರುಗಿಸಲಿಲ್ಲ. ಟ್ರ್ಯಾಕ್ಟರ್ ತರಿಸಿ ಕಾರಿಗೆ ಹಗ್ಗ ಕಟ್ಟಿಸಿದ.

"ಏನಪಾ, ಕೆಟ್ಟ ಗಾಡಿ ಕೊಂಡ್ಯೇನು?" ಎಂದು ಎದುರು ಮನೆಯವರು ನಕ್ಕರು.

"ಗಾಡಿ ಛಲೋನೇ ಅದರಿ. ನನಗಽ ಓಡಿಸಾಕ ಬರಂಗಿಲ್ಲ!"

ಚೆನ್ನಾಗಿ ಓಡುವ ಕಾರನ್ನು ಎಳೆಸಿಕೊಂಡು ಹೋಗುತ್ತಿದ್ದವನನ್ನು ಶಿವಕಾಂತಾ ನೋಡುತ್ತಲೇ ನಿಂತಳು. 'ಎಂಥಾ ಮನುಷ್ಯ ಇವ...'

ಅವಳು ಜೇವರ್ಗಿಯಲ್ಲಿ ನರ್ಸ್. ಶನಿವಾರವಷ್ಟೇ ಊರಿಗೆ ಬರುವಳು. ಅವನ ಗ್ಯಾರೇಜೂ ಜೇವರ್ಗಿಯ ಹೆದ್ದಾರಿಯಲ್ಲೇ ಇತ್ತು. ಒಂದು ಸಂಜೆ ಕಾಲುಗಳು ತಾವಾಗಿ ಅತ್ತ ತಿರುಗಿದವು.

"ಎಲ್ಲಾ ಬಿಚ್ಚಿ ಹರವೀರಲ್ರಿ!"

"ಬ್ರೇಕ್ ಬದಲಿ ಮಾಡಾಕತ್ತೇನ್ರಿ. ನಿಮ್ಮಣ್ಣ ಓಡಿಸಾಕ ಅವಸರ ಮಾಡ್ಯಾರ, ನಿಲ್ಲಿಸೋದು ಮರತಾರ."

ಅವಳಿಗೆ ನಗು ಬಂತು. ಅಣ್ಣ ಹಾಗೆಯೇ ಇದ್ದ! ಎಷ್ಟೋ ತಿಂಗಳ ಮೇಲೆ ಅಣ್ಣನನ್ನು ನೆನೆದು ನಕ್ಕಿದ್ದಳು. ಆಮೇಲೆ ಎಷ್ಟೋ ಸಂಜೆಗಳು ಆ ಗ್ಯಾರೇಜಿನಲ್ಲೇ ಕಳೆದವು. ಮನಸ್ಸು ಯಾವಾಗ ಜಗದೇವನದಾಯಿತೋ, ಅವಳಿಗೇ ತಿಳಿಯಲಿಲ್ಲ.

ಒಂದು ಬುಧವಾರ ರಜೆ ಸಿಕ್ಕಿ ಊರಿಗೆ ಬಂದಳು. ಓಣಿಯ ತಿರುವಿನಲ್ಲಿ ಗಕ್ಕನೆ ನಿಂತಳು.

ಅದೇ ಗುಡುಗು!

ಮನೆಯ ಮುಂದೆ ಲ್ಯಾನ್ಸರ್ ನಿಂತಿತ್ತು. ಗ್ಯಾರೇಜಿನಲ್ಲಿ ಬಿಚ್ಚಿಟ್ಟಿದ್ದ ಅಣ್ಣನ ಸ್ಟೀಲ್ ಪೈಪನ್ನು ಜಗದೇವ ಮತ್ತೆ ಜೋಡಿಸಿದ್ದ. ಅವ್ವ ಹೊಸ್ತಿಲಲ್ಲಿ ಕುಳಿತು, ಸೆರಗು ಬಾಯಿಗಿಟ್ಟು ಬಿಕ್ಕುತ್ತಿದ್ದಳು.

"ಮಾತು ಕೊಟ್ಟಿದ್ರಿ! ನಮ್ಮವ್ವನ್ನ ಕೊಲ್ಲಾಕ ಬಂದೀರೇನು?"

ಜಗದೇವ ಸುಭದ್ರಾಬಾಯಿಯತ್ತ ಒಮ್ಮೆ ನೋಡಿದ. "ತಪ್ಪಾತ್ರಿ," ಎಂದಷ್ಟೇ ಹೇಳಿದ.

"ಇನ್ನ ನಿಮ್ಮ ಮಾರಿ ತೋರಸಬ್ಯಾಡ್ರಿ!"

ಅಂದಿನಿಂದ ಅವಳು ಗ್ಯಾರೇಜಿನ ದಾರಿ ಬಿಟ್ಟಳು. ಶನಿವಾರ ಊರಿಗೆ ಬಂದರೆ ಊಟವಿಲ್ಲ, ಮಾತಿಲ್ಲ. ಕೊನೆಗೆ ಅವ್ವನೇ ಬಳಿ ಬಂದು ಕುಳಿತಳು.

"ಅವಂದೇನೂ ತಪ್ಪಿಲ್ಲ ಬೇ. ನಾನಽ ಕರೆಸಿದ್ದೆ."

"ಅವ್ವಾ?!"

"ನೀ ಫೋಟೋ ತಗದಿ, ಅರಿವಿ ತಗದಿ. ನಿನಗಽ ಸಮಾಧಾನ ಆಗ್ಲಿ ಅಂತ ನಾ ಸುಮ್ಮಕಿದ್ದೆ. ಆ ಆವಾಜ್ ಓಣ್ಯಾಗ ಬಂದ ಮ್ಯಾಲೇ ನಾ ಹಂಚಿಗೆ ರೊಟ್ಟಿ ಹಾಕ್ತಿದ್ದೆ. ನಿಮ್ಮಣ್ಣ ಕೈಕಾಲ ತೊಳ್ಕೊಂಡು ಬರೋದ್ರಾಗ ಬಿಸಿ ರೊಟ್ಟಿ... ಈಗ ಯಾವಾಗ ಹಾಕ್ಬೇಕು ಅನ್ನೋದೇ ತಿಳೀವಲ್ದು ಮಗಳಽ. 'ಒಮ್ಮೆ ಕೇಳಸೋ ತಮ್ಮಾ, ಆಕಿಗಿ ಹೇಳಬ್ಯಾಡ, ಅಳ್ತಾಳ' ಅಂತ ನಾನಽ ಕೈ ಮುಗದೆ."

ಶಿವಕಾಂತಾಳ ಎದೆ ಒಡೆಯಿತು. ಅವ್ವನಿಗಾಗಿ ತಾನು ಮುಚ್ಚಿಟ್ಟಿದ್ದಳು, ತನಗಾಗಿ ಅವ್ವ ನುಂಗಿದ್ದಳು! ಇಬ್ಬರೂ ತಬ್ಬಿಕೊಂಡು, ಮೊದಲ ಸಲ ಗುರುನಾಥನ ಹೆಸರು ಹಿಡಿದು ಅತ್ತರು.

ಸೋಮವಾರ ಅವಳು ಗ್ಯಾರೇಜಿನ ಬಾಗಿಲಲ್ಲಿ ನಿಂತಳು.

"ಯಾಕ ಸುಳ್ಳ ಸುಳ್ಳ ಬೈಸ್ಕೊಂಡ್ರಿ?"

"ನಿಮಗ ಕೊಟ್ಟ ಮಾತು ಮುರದಿದ್ದು ಖರೇನಲ್ರಿ. ಅವ್ವಾರು ಅಷ್ಟು ಕೇಳ್ಕೊಂಡ್ರು... ಇಲ್ಲ ಅನ್ನಾಕ ಬಾಯಿ ಬರ್ಲಿಲ್ಲ."

"ಕಾರು ಮಾರಿಲ್ಲ?"

"ಆಳಂದದವರು ಕೇಳಿದ್ರು. ಕೊಡ್ಲಿಲ್ಲ. ಅದು ಹೋದ್ರ ನೀವು ಈ ಕಡೆ ಬರೋದಽ ನಿಲ್ತದಂತ..." ಅವನ ಮಾತು ತಡವರಿಸಿತು. "ಶಿವಕಾಂತಾ, ಅವ್ವಾರನ್ನ ಕೇಳಾಕ ಮನಿಗಿ ಬರ್ಲೇನು?"

"ಮೊದಲ ನನ್ನ ಕೇಳ್ರಿ."

"ನನ್ನ ಜೋಡಿ ಬಾಳೇ ಮಾಡ್ತೀರೇನು?"

ಅವಳ ಕಣ್ಣು ತುಂಬಿದವು. ತುಟಿ ಅಲುಗಿದವು.

"ಇಷ್ಟು ಸಣ್ಣ ದನಿಯಾಗ ಹೂಂ ಅಂದ್ರ ಹ್ಯಾಂಗ್ರಿ?" ಎಂದ ಅವನು.

"ನಿಮಗ ಕೇಳ್ತಲ್ಲ... ಸಾಕು."