ಕಾಗದದ ಮದುಮಗಳು

ಶಾನ್‌ಶಿ ಪ್ರಾಂತ್ಯದ ನಮ್ಮೂರಿನಲ್ಲಿ ಮದುವೆಯಾಗದೆ ಸತ್ತ ಗಂಡಿಗೆ ಕಾಗದದ ಮದುಮಗಳನ್ನು ಮಾಡಿ ಗೋರಿಯ ಮುಂದೆ ಸುಡುತ್ತಾರೆ. ಮಾಡುವವಳು ನನ್ನ ಅಕ್ಕ ಯೂಝೆನ್. ಅಮ್ಮ ಸತ್ತ ಮೇಲೆ ನನ್ನ ತಲೆ ಬಾಚುತ್ತಿದ್ದವಳೂ ಅವಳೇ. ಗೊಂಬೆಯ ಕೂದಲೂ ಕಾಗದದ್ದೇ ಆಗಿರಬೇಕು. ಬದುಕಿರುವವರದ್ದು ಏನೂ ಸೇರಬಾರದು.

ಒಂದು ಮಧ್ಯಾಹ್ನ, ಹಾಗೆ ಸತ್ತ ಹುಡುಗನೊಬ್ಬನ ಗೋರಿಯ ಮುಂದೆ ಗೊಂಬೆಗೆ ಬೆಂಕಿ ಇಟ್ಟಾಗ ಕೂದಲು ಸುಟ್ಟ ವಾಸನೆ ಬಂತು. ಬಿಸಿಲಲ್ಲೇ ನಿಂತಿದ್ದ ನನ್ನ ನೆತ್ತಿ ತಣ್ಣಗಾಯಿತು.

“ಅಕ್ಕಾ, ನನ್ನ ಕೂದಲು ಅಂಟಿಸಿದ್ಯಾ?”

“ಬರೀ ಕಾಗದದವಳು ಬೇಡ ಅಂತ ಅವನ ತಾಯಿ ಅತ್ರು ಕಣೇ. ಬಾಚುವಾಗ ಉದುರಿದ್ದು ತಾನೇ? ನಿನ್ನನ್ನೇನು ಕೊಟ್ಬಿಟ್ನಾ?” ಅಂದಳು ಅಕ್ಕ, ನನ್ನ ಮುಖ ನೋಡದೆ.

ಈಗ ನಾನು ಬೇರೆ ಊರಿನಲ್ಲಿ ಒಬ್ಬಳೇ ಇದ್ದೇನೆ. ಚಿಲಕ ಹಾಕಿ, ಕೂದಲು ಬಿಚ್ಚಿಕೊಂಡು ಮಲಗುತ್ತೇನೆ. ಏಳುವಾಗ ಯಾರೋ ಅದನ್ನು ಮದುವೆಯಾದ ಹೆಂಗಸರ ತುರುಬಾಗಿ ಕಟ್ಟಿರುತ್ತಾರೆ.