ಕನ್ನಡಕದಂಗಡಿಯ ಸೊಸೆ

"ಮಗು ಕೊಡಿ ಅತ್ತೆ... ಒಂದೇ ಒಂದ್ಸಲ ಕೈಗೆ ಕೊಡಿ!"

ಆಸ್ಪತ್ರೆಯ ಮಂಚದಲ್ಲಿ ಕುಳಿತು ಸೊಸೆ ಕೈ ಚಾಚಿದ್ದಳು. ಅತ್ತೆ ನಿಂತಿದ್ದ ಕಡೆಗಲ್ಲ, ಬರೀ ಗೋಡೆಯ ಕಡೆಗೆ! ತುಂಬು ಬಸಿರಿನಲ್ಲಿ ಫಿಟ್ಸ್ ಬಂದು, ಆಪರೇಷನ್ ಮಾಡಿ ಮಗು ತೆಗೆದ ಮೇಲೆ ಎಚ್ಚರವಾದರೆ ಸುತ್ತಲೂ ಕತ್ತಲು. ಊರಿಗೆಲ್ಲ ಕನ್ನಡಕ ಮಾರುವ ಮನೆಯ ಸೊಸೆಗೆ ಕಣ್ಣೇ ಕಾಣುತ್ತಿರಲಿಲ್ಲ...

"ಕೊಡೋದಿಲ್ಲ!" ಅತ್ತೆ ಮೊಮ್ಮಗಳನ್ನು ಎದೆಗವಚಿಕೊಂಡರು. "ಮತ್ತೆ ಫಿಟ್ಸ್ ಬಂದು ಕೂಸು ನೆಲಕ್ಕೆ ಬಿದ್ರೆ? ನಿಮ್ಮಮ್ಮ ಕಾಯಿಲೆ ಮುಚ್ಚಿಟ್ಟು ನಮ್ಮ ತಲೆಗೆ ಕಟ್ಟಿದ್ಲು. ಕನ್ನಡಕ ಮಾರೋ ನಮ್ಮ ಕಣ್ಣಿಗೇ ಮಣ್ಣೆರಚಿದ್ಲು!"

"ಅಮ್ಮಾ, ಸ್ವಲ್ಪ ಸುಮ್ನಿರು..." ಎಂದ ಮಗ. ಅಂಗಡಿಯಲ್ಲಿ ಗಾಜು ಉಜ್ಜಿ ಉಜ್ಜಿ ಅವನ ಮಾತೂ ನುಣುಪಾಗಿತ್ತು, ಯಾರಿಗೂ ಚುಚ್ಚುತ್ತಿರಲಿಲ್ಲ.

ಅಷ್ಟರಲ್ಲಿ ಡಾಕ್ಟರಮ್ಮ ಬಂದರು. "ಇದು ಮುಚ್ಚಿಟ್ಟ ಕಾಯಿಲೆ ಅಲ್ಲಮ್ಮ. ಬಸಿರಲ್ಲಿ ಬಿಪಿ ಏರಿ ಮೆದುಳು ಊದ್ಕೊಂಡಿದೆ, ಅದಕ್ಕೇ ಫಿಟ್ಸ್. ಕಣ್ಣು ಚೆನ್ನಾಗೇ ಇದೆ. ಕಣ್ಣಿಗೆ ಬಿದ್ದಿದ್ದನ್ನ ಇದು ಇಂಥದ್ದು ಅಂತ ತಿಳ್ಕೊಳ್ಳೋದು ಮೆದುಳಿನ ಹಿಂಭಾಗ. ಊತ ಇರೋದು ಅಲ್ಲಿ. ಅದು ಇಳಿದ್ರೆ ಸಾಮಾನ್ಯವಾಗಿ ದೃಷ್ಟಿ ವಾಪಸ್ ಬರುತ್ತೆ. ಮುಂಚೆ ತಲೆನೋವು, ಕಣ್ಣು ಮಂಜು ಅಂತ ಅಂದಿದ್ಳಾ?"

ಅತ್ತೆಯ ಮುಖ ಇಳಿಯಿತು. ಅಂದಿದ್ದಳು! ಬೇರೆ ಮನೆಯಲ್ಲಾಗಿದ್ದರೆ ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಈ ಮನೆಯಲ್ಲಿ ಅಂಗಡಿಯ ಅಕ್ಷರದ ಹಲಗೆಯ ಮುಂದೆ ಕೂರಿಸಿದ್ದರು. "ಪವರ್ ಬದಲಾಗಿದೆ ಅಷ್ಟೆ" ಎಂದು ಅತ್ತೆಯೇ ಚಿನ್ನದ ಬಣ್ಣದ ಫ್ರೇಮು ಆರಿಸಿ ಹಾಕಿದ್ದರು. ಮಂಜು ಹೋಗದಿದ್ದಾಗ ಗಾಜು ಬದಲಿಸಿದ್ದರು...

"ಹೊಸ ಕನ್ನಡಕ ಹಾಕ್ದೆ ಡಾಕ್ಟ್ರೇ" ಎಂದರು ಸಣ್ಣಗೆ.

"ಬಿಪಿ ನೋಡಿಸ್ಬೇಕಿತ್ತು" ಎಂದರು ಡಾಕ್ಟರಮ್ಮ, ಅಷ್ಟೇ ಸಣ್ಣಗೆ. "ಈಗ ಔಷಧಿಗೆ ಇಳೀತಿದೆ. ನೀವು ಪಕ್ಕದಲ್ಲಿದ್ದು ಮಗು ಕೊಡಿ."

ಅತ್ತೆ ಮಂಚದ ಮೇಲೇ ಕುಳಿತರು. ಕೂಸನ್ನು ಸೊಸೆಯ ತೋಳಲ್ಲಿಟ್ಟು, ಕೆಳಗೆ ತಮ್ಮ ಕೈಗಳನ್ನೂ ಒಡ್ಡಿದರು. "ಹೆದರ್ಬೇಡ ಕಣೇ, ನಾನೂ ಹಿಡ್ಕೊಂಡಿದೀನಿ... ನಿಮ್ಮಮ್ಮನಿಗೆ ಹಾಗಂದಿದ್ದು ತಪ್ಪಾಯ್ತು." ಅತ್ತೆ ಅಳುತ್ತಿದ್ದುದು ಸೊಸೆಗೆ ಕಾಣಲಿಲ್ಲ, ಮೊಣಕೈ ಮೇಲೆ ಹನಿ ಬಿದ್ದಾಗ ತಿಳಿಯಿತು!

ಮಾರನೆಯ ದಿನ ಕಿಟಕಿಯ ಬೆಳಕು ಕಂಡಿತು. ಆಮೇಲೆ ಹೊದಿಕೆಯ ಬಣ್ಣ. ಒಂದು ಮಧ್ಯಾಹ್ನ, ಆಕಳಿಸುತ್ತಿದ್ದ ಪುಟ್ಟ ಬಾಯಿ!

"ಅಯ್ಯೋ, ಒಂದು ಹಲ್ಲೂ ಇಲ್ಲ!"

"ಹುಟ್ಟಿದ ಕೂಸಿಗೆ ಹಲ್ಲಾ? ಡಾಕ್ಟ್ರೇ, ಊತ ಇನ್ನೂ ಇಳಿದಿಲ್ಲ ಇವಳಿಗೆ!" ಎಂದು ಅತ್ತೆ ನಗುತ್ತಾ ನಗುತ್ತಾ ಅತ್ತೇಬಿಟ್ಟರು.

ಊತ ಇಳಿದಿತ್ತು. ಮಗು ಹುಟ್ಟಿದ ದಿನ ಮಾತ್ರ ನೆನಪಿಗೆ ಮರಳಲೇ ಇಲ್ಲ. "ಅದೊಂದು ಪೂರ್ತಿ ಖಾಲಿ ಅತ್ತೆ..."

"ನಾನಿಲ್ವಾ? ಹೇಳ್ತೀನಿ ಕೇಳು."

ಹುಟ್ಟಿದಾಗ ಮಗು ಬರೀ ಕುಂಯ್ ಎಂದಿತ್ತೆಂದು ಗಂಡ ಹೇಳಿದ್ದ. ಅತ್ತೆಯ ಬಾಯಲ್ಲಿ ಅದು ಆಸ್ಪತ್ರೆಯೇ ಅದುರುವಂತೆ ಅತ್ತಿತು. ಮರುದಿನ ಕೇಳಿದಾಗ ಬೀದಿಯೂ ಅದುರಿತು. ಸೊಸೆ ತಿದ್ದಲಿಲ್ಲ. ಮಗಳನ್ನು ಮಡಿಲಲ್ಲಿಟ್ಟುಕೊಂಡು, "ಇನ್ನೊಂದ್ಸಲ ಹೇಳಿ ಅತ್ತೆ" ಎಂದಳು.